ಬಿದಿರುಕೋಲಿನ ಮೂರನೇ ಗೆರೆ

ನಾಗಯ್ಯನನ್ನು ಮೊದಲ ಸಲ ಕಂಡಾಗ ಶ್ರೀಕಂಠ ಮೇಷ್ಟ್ರು ಅವನನ್ನು ಮೊಟ್ಟೆಕಳ್ಳನೆಂದೇ ತೀರ್ಮಾನಿಸಿಬಿಟ್ಟರು. ಬಿಳಿಗೆರೆ ಕಡೆಯ ಆ ಪಕ್ಷಿಧಾಮದ ಕೆರೆಯಲ್ಲಿ ಬೆಳಗಿನ ಆರಕ್ಕೆ ತೊಡೆಮಟ್ಟ ನೀರಿಗಿಳಿದು, ಗೂಡುಗಳ ಪಕ್ಕ ಬಿದಿರುಕೋಲು ಊರಿ ಬಗ್ಗಿ ನೋಡುವವನು ಇನ್ನಾರು? ನಂಜನಗೂಡಿನ ಪಕ್ಷಿಪ್ರೇಮಿಗಳ ಸಂಘದ ಸಂಸ್ಥಾಪಕ ಅಧ್ಯಕ್ಷರಾದ ತಮ್ಮ ಹೊಸ ದುರ್ಬೀನು ಸುಳ್ಳಾಡೀತೆ? ಎರಡು ಪುಟದ ದೂರು ಬರೆದು, ಫೋಟೋ ಲಗತ್ತಿಸಿ ಅರಣ್ಯ ಇಲಾಖೆಗೆ ಕಳಿಸಿದರು. “ಅವನು ನಮ್ಮ ವಾಚರ್ರೇ ಸಾರ್” ಎಂದು ಒಂದೇ ಸಾಲಿನ ಉತ್ತರ ಬಂತು.

ನಾಗಯ್ಯನ ಅಪ್ಪ ಅದೇ ಕೆರೆಯ ನೀರುಗಂಟಿ; ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದವನು. ಗದ್ದೆಗೆ ನಾಲೆ ಬಂತು, ಕೆರೆಗೆ ಪಕ್ಷಿಧಾಮದ ಬೋರ್ಡು ಬಂತು, ತೂಬು ಮಾತ್ರ ಮಗನ ಕೈಯಲ್ಲೇ ಉಳಿಯಿತು. ಈಗ ನೀರು ಹಕ್ಕಿಗಳ ಲೆಕ್ಕದಲ್ಲಿ. ಚಳಿಗಾಲದ ಪಟ್ಟೆತಲೆ ಹೆಬ್ಬಾತುಗಳಿಗೆ ಅಂಚಿನಲ್ಲಿ ಒಂದಿಷ್ಟು ನೆಲ ಬಿಡಬೇಕು. ಬೇಸಗೆಯಲ್ಲಿ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿಗಳು ಕೆಸರುದಿಬ್ಬದ ಮೇಲೆ ಮೊಟ್ಟೆಯಿಟ್ಟರೆ ನೀರು ಏರಗೊಡಬಾರದು. ಕೋಲಿನ ಮೇಲೆ ಕುಡುಗೋಲಿನಲ್ಲಿ ಕೊರೆದ ಮೂರು ಗೆರೆಗಳಿವೆ. ಮೂರನೆಯದು ಮೊಟ್ಟೆಯ ಮಟ್ಟ.

ಈ ಮೇ ತಿಂಗಳಲ್ಲಿ ಮೇಷ್ಟ್ರು ಕೆರೆಹಬ್ಬ ಇಟ್ಟುಕೊಂಡರು. ಭರಣಿ ಮಳೆ ನಾಲ್ಕು ದಿನ ಹುಯ್ದು ಕೆರೆ ಏರಿದ್ದೂ ತಮ್ಮ ಏರ್ಪಾಟೇ ಎಂಬಂತೆ ಬೀಗಿದ್ದರು. ಹಬ್ಬದ ಹಿಂದಿನ ಸಂಜೆ ಬಂದು ನೋಡಿದರೆ, ನಾಗಯ್ಯ ತೂಬು ತೆರೆದು ನೀರು ಬಿಡುತ್ತಿದ್ದಾನೆ!

“ಮುಚ್ಚಯ್ಯಾ! ನಾಳೆ ಅತಿಥಿಗಳು ಬರ್ತಾರೆ, ಕೆರೆ ತುಂಬಿ ತುಳುಕ್ತಿರ್ಬೇಕು.”

“ಮೂರ್ನೇ ಗೆರೆಗೆ ಎರಡೇ ಬೆಟ್ಟು ಉಳ್ಕಂಡದೆ ಸಾ,” ನಾಗಯ್ಯ ಎರಡು ಬೆರಳು ಎತ್ತಿ ತೋರಿಸಿದ. “ಇನ್ನೊಂದ್ ಮಳೆ ಉಯ್ದ್ರೆ ಮೊಟ್ಟೆ ತೇಲೋಯ್ತವೆ.”

“ಸಾಹೇಬ್ರಿಗೆ ಫೋನ್ ಮಾಡ್ತೀನಿ, ನೋಡ್ತಿರು!”

“ಮಾಡಿ ಸಾ. ಇಲ್ಲಿ ಸಿಗ್ನಲ್ ಸಿಕ್ಕಕಿಲ್ಲ, ಆ ಬೇವಿನ್ ಮರದ್ ತಾವ್ಕೋಗಿ” ಎಂದ ನಾಗಯ್ಯ, ತೂಬಿನ ತಿರುಪನ್ನು ಇನ್ನೆರಡು ಸುತ್ತು ತಿರುಗಿಸಿದ.

ಆ ರಾತ್ರಿ ಮಳೆ ಹುಯ್ದೇ ಹುಯ್ದಿತು. ಬೆಳಗ್ಗೆ ನೀರು ಗೆರೆಯ ಕೆಳಗೇ ಇತ್ತು. ಅತಿಥಿಗಳು ಕೆಸರಿನ ಅಂಚು ನೋಡಿ ಮೂಗು ಮುರಿದರು. ಮೇಷ್ಟ್ರು ಮಾತ್ರ “ಸಾಗರದಂತೆ ಮೈದುಂಬಿದ ಈ ಕೆರೆ” ಎಂದು ಬರೆದುಕೊಂಡು ಬಂದದ್ದನ್ನು ಬಿಡದೆ ಓದಿದರು.

ವಾರ ಕಳೆದು ಅದೇ ದುರ್ಬೀನಿನಲ್ಲಿ ನೋಡಿದರೆ, ದಿಬ್ಬದ ಮೇಲೆ ಹತ್ತಿಯುಂಡೆಗೆ ಕಡ್ಡಿ ಚುಚ್ಚಿದಂಥ ನಾಲ್ಕು ಮರಿಗಳು. ಮೇಷ್ಟ್ರು ದುರ್ಬೀನು ಇಳಿಸಿ ಪಕ್ಕದಲ್ಲಿದ್ದ ನಾಗಯ್ಯನತ್ತ ತಿರುಗಿದರು. ಕೇಳುವುದು ಅವರಿಗೆ ಅಭ್ಯಾಸವಿಲ್ಲದ ಕೆಲಸ; ಆದರೂ ಕೇಳಿಯೇಬಿಟ್ಟರು.

“ನಾಗಯ್ಯ, ಇಷ್ಟೆಲ್ಲ ಮಾಡ್ತೀಯಲ್ಲ, ಈ ಹಕ್ಕಿಗಳು ನಿನ್ನ ಗುರುತು ಹಿಡೀತವಾ?”

ನಾಗಯ್ಯ ಕೋಲನ್ನು ಹೆಗಲಿಗೇರಿಸಿದ.

“ಇಡೀತವೆ ಸಾ. ನನ್ ಕಂಡ್ ಏಟ್ಗೇ ಪುರ್ರಂತ ಆರೋಯ್ತವೆ.”