ಅಗಾತಾ ರೆಕಾರ್ಡ್ಸ್‌ನ ಲಿಗೋರಿ

ನನ್ನ ಗಂಡ ಲಿಗೋರಿ ಬಸ್ಸಿನಲ್ಲಿ ಸತ್ತರು. ದುಬೈಯ ಸತ್ವಾದಿಂದ ಹೊರಟ ಬಸ್ಸು ದೇರಾದ ಗೋಲ್ಡ್ ಸೂಕ್‌ವರೆಗೆ ಹೋಗಿ ಅವರನ್ನು ಕೂರಿಸಿಕೊಂಡೇ ತಿರುಗಿ ಸತ್ವಾಕ್ಕೆ ಬಂತು. ಏಸಿಯ ತಂಪಿಗೆ ನಿದ್ದೆ ಹತ್ತಿದೆ ಎಂದು ಎಲ್ಲರೂ ಅಂದುಕೊಂಡರು. ಪಕ್ಕದ ಸೀಟಿನಲ್ಲಿ ಯಾರೆಲ್ಲ ಕೂತು ಎದ್ದು ಹೋದರೋ ಗೊತ್ತಿಲ್ಲ. ಕೊನೆಗೆ ಡ್ರೈವರ್ ಬಂದು ಭುಜ ತಟ್ಟಿದಾಗ ಕಿಟಕಿಯ ಕಡೆಗೆ ವಾಲಿದರಂತೆ. ಅದು 2017ರ ಆಗಸ್ಟ್.

ಅವರು ಸತ್ತ ಮೇಲೆ 'ಸಂಗೀತ ಪ್ರೇಮಿ, ಸಮಾಜ ಸೇವಕ' ಎಂದು ಊರಿನವರು ಬರೆದರು. ಸಮಾಜ ಸೇವೆ ಅವರು ಮಾಡಿದವರಲ್ಲ. ಅವರು ಟೈಲರ್. ಅದರ ಜೊತೆಗೆ ಹಾಡಿನ ಸಿಡಿ ಮಾಡುವ ಒಂದು ಸಣ್ಣ ಕಂಪೆನಿ ನಡೆಸಿದರು. ನಾನು ಶಿರ್ವದಲ್ಲಿ ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನನಗೆ ಬರುವ ಹಾಗೆ ಬರೆಯುತ್ತೇನೆ.

ದುಬೈಗೆ ಬರುವ ಮೊದಲು ಲಿಗೋರಿ ಹಡಗಿನ ಲಾಂಡ್ರಿಯಲ್ಲಿದ್ದರು. ಅಲ್ಲಿ ಅಮೆರಿಕದ ಕಪ್ಪು ಅಡುಗೆಯವನೊಬ್ಬ ಕ್ಯಾಸೆಟ್ ಹಾಕುತ್ತಿದ್ದನಂತೆ. ಸೋಲ್ ಮ್ಯೂಸಿಕ್. "ಇಗರ್ಜಿಯಲ್ಲಿ ಹುಟ್ಟಿ ಬಾರಿಗೆ ಓಡಿಹೋದ ಹಾಡು" ಎಂದು ಲಿಗೋರಿ ಹೇಳುತ್ತಿದ್ದರು. ನನಗೆ ಇಂಗ್ಲಿಷ್ ಅರ್ಥವಾಗದು. ಆದರೆ ಅದು ಅಳುವ ಹಾಡೇ ಹೊರತು ಅಳು ತರಿಸಲಿಕ್ಕೆ ಮಾಡಿದ ಹಾಡಲ್ಲ ಎಂದು ಗೊತ್ತಾಗುತ್ತಿತ್ತು.

ಸತ್ವಾದಲ್ಲಿ ನಮ್ಮ ಟೈಲರ್ ಅಂಗಡಿ ಇತ್ತು. ಅಡ್ಡ ರಸ್ತೆಯಲ್ಲಿ, ಗ್ಯಾರೇಜಿನ ಪಕ್ಕ. ಹೋಟೆಲುಗಳಲ್ಲಿ ಹಾಡುವ ಬ್ಯಾಂಡಿನವರ ಬಟ್ಟೆ ಹೊಲಿಯುವುದು ನಮ್ಮ ಕೆಲಸ. ಅಳತೆ ತೆಗೆಯಲಿಕ್ಕೆ ಲಿಗೋರಿಯದ್ದೇ ಒಂದು ಕ್ರಮ ಇತ್ತು. ಹಾಡುವವರನ್ನು ಸುಮ್ಮನೆ ನಿಲ್ಲಿಸಿ ಅಳೆಯಬಾರದು, ಹಾಡಿಸಿ ಅಳೆಯಬೇಕು. ಇಲ್ಲದಿದ್ದರೆ ಉಸಿರು ಎಳೆದಾಗ ಹೊಲಿಗೆ ಬಿಡುತ್ತದೆ. ಹೆಂಗಸರಾದರೆ ಪರದೆಯ ಒಳಗೆ ಟೇಪು ಹಿಡಿಯುವುದು ನಾನು. ಅವರು ಆಚೆ ನಿಂತು "ಹಾಂ, ಈಗ ಹಾಡು" ಎನ್ನುತ್ತಿದ್ದರು.

2011ರಲ್ಲಿ ಹಾಗೆ ಒಬ್ಬಳು ಹಾಡಿದಳು. ಲಿಗೋರಿ ಆಚೆಯಿಂದ ಕೇಳಿದರು.

"ಎಲ್ಸಿ, ಯಾರು ಮಾರಾಯ್ತಿ ಇದು?"

"ಅಬುಧಾಬಿ ಬ್ಯಾಂಡಿನವಳು. ನೀಲಿ ಗೌನು."

"ಗೌನು ಅಲ್ಲಿರಲಿ. ಇನ್ನೊಮ್ಮೆ ಹಾಡಿಸು."

"ಸೊಂಟದ ಅಳತೆ ಆಯಿತಲ್ಲ?"

"ಇನ್ನೊಮ್ಮೆ ತೆಗಿ. ಸೊಂಟಕ್ಕೆ ನಷ್ಟ ಇಲ್ಲ."

ಅವಳು ಮರಿಸೆಲ್, ಫಿಲಿಪೈನ್ಸ್‌ನವಳು. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಹೋಟೆಲಿನಲ್ಲಿ ಕುಡಿಯುವವರ ಮುಂದೆ ಹಾಡುತ್ತಿದ್ದಳು. ಅಲ್ಲಿ ಎಲ್ಲರೂ ಕೇಳುವ ಹಾಡು ಬೇರೆ. ಅವಳೇ ಕಟ್ಟಿದ ಹಾಡುಗಳು ಅವಳ ಹೊಟ್ಟೆಯಲ್ಲೇ ಇದ್ದವು. ಲಿಗೋರಿಯನ್ನು 'ಕುಯಾ' ಎಂದಳು. ಅವರಲ್ಲಿ ಹಾಗೆಂದರೆ ಅಣ್ಣ.

ಶುಕ್ರವಾರ ಬೆಳಿಗ್ಗೆ ಸತ್ವಾ ಸುಮ್ಮನೆ ಬಿದ್ದಿರುತ್ತದೆ. ಗ್ಯಾರೇಜಿಗೆ ರಜೆ, ನಮ್ಮ ಮೆಷಿನುಗಳಿಗೂ ರಜೆ. ಬಟ್ಟೆಯ ಥಾನುಗಳನ್ನು ಗೋಡೆಗೆ ಒತ್ತಿ ನಿಲ್ಲಿಸಿದರೆ ಹೊರಗಿನ ಸದ್ದು ಒಳಗೆ ಬಾರದು. ಅವಳ ಹಾಡು ಅಲ್ಲೇ ರೆಕಾರ್ಡ್ ಮಾಡಲಿಕ್ಕೆ ಲಿಗೋರಿ ಬರ್ ದುಬೈಯಿಂದ ಸೆಕೆಂಡ್ ಹ್ಯಾಂಡ್ ಮೈಕು ತಂದರು. ಏಸಿ ಸದ್ದು ಮಾಡುತ್ತದೆ ಎಂದು ಅದನ್ನೂ ಆಫ್ ಮಾಡುತ್ತಿದ್ದರು. ಒಳಗೆ ಒಲೆಯ ಹಾಗೆ. ನಾನು ಒದ್ದೆ ಟವಲು ಹಿಂಡಿ ಅವಳ ಕುತ್ತಿಗೆಗೆ ಹಾಕುವುದು, ಅವಳು ಕಣ್ಣು ಮುಚ್ಚಿ ಹಾಡುವುದು. ಮಸೀದಿಯಲ್ಲಿ ಬಾಂಗ್ ಆಗುವ ಹೊತ್ತಿಗೆ ನಿಲ್ಲಿಸಿ ಮೂವರೂ ಗಂಜಿ ಊಟ ಮಾಡುವುದು. ಗಂಜಿ ಅವಳಿಗೂ ಗೊತ್ತಿತ್ತು. ಅವರ ಊರಿನಲ್ಲಿಯೂ ಮಾಡುತ್ತಾರಂತೆ.

ಒಂದು ಭಯ ಮೊದಲಿನಿಂದಲೂ ಇತ್ತು. ಮರಿಸೆಲ್‌ಳ ವೀಸಾ ಹೋಟೆಲಿನದ್ದು. ಇಲ್ಲಿ ಒಬ್ಬರ ವೀಸಾದಲ್ಲಿ ಇದ್ದುಕೊಂಡು ಇನ್ನೊಬ್ಬರಿಗೆ ಕೆಲಸ ಮಾಡಿದರೆ ಸಿಕ್ಕಿದ ದಿನ ಖಲಾಸ್. ಹಾಗಾಗಿ ಸಿಡಿಯ ಮೇಲೆ ಅವಳ ಹೆಸರೂ ಇಲ್ಲ, ಮುಖವೂ ಇಲ್ಲ. ಒಂದು ಕತ್ತರಿಯ ಚಿತ್ರ, ಕೆಳಗೆ 'ಅಗಾತಾ'. ಅಗಾತಾ ನನ್ನ ಅತ್ತೆ, ಲಿಗೋರಿಯ ತಾಯಿ. ಶಿರ್ವದಲ್ಲಿ ಹಂದಿ ಸಾಕಿಕೊಂಡಿದ್ದರು. ಕಂಪೆನಿಗೂ ಅದೇ ಹೆಸರು, ಹಾಡಿದವಳಿಗೂ ಅದೇ ಹೆಸರು. ಫೋನಿನಲ್ಲಿ ಅತ್ತೆ ಕೇಳಿದರು:

"ನನ್ನ ಹೆಸರಿನಲ್ಲಿ ಹಾಡುವವಳು ಯಾರು? ಅವಳಿಗೆ ಮದುವೆ ಆಗಿದೆಯಾ? ನನ್ನ ಹೆಸರು ಹಾಳು ಮಾಡಿಯಾಳು."

ಆ ಸಿಡಿ ಓಡಿತು. ಮೊದಲು ಸತ್ವಾದ ಫಿಲಿಪಿನೋ ಸಲೂನುಗಳಲ್ಲಿ, ಆಮೇಲೆ ಟ್ಯಾಕ್ಸಿಗಳಲ್ಲಿ. ಇಂಗ್ಲಿಷ್ ರೇಡಿಯೋದವನೊಬ್ಬ ಅದನ್ನು ಹಾಕಿ "ಯಾರು ಈ ಅಗಾತಾ?" ಎಂದು ಕೇಳಿದ. ಲಿಗೋರಿ ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡೇ ಕುಣಿದರು. ಒಂದು ಪ್ಯಾಂಟು ಸುಟ್ಟುಹೋಯಿತು. ಬೇರೆ ಹೋಟೆಲಿನ ಹಾಡುಗಾರ್ತಿಯರೂ ಮೆಲ್ಲ ಅಂಗಡಿಗೆ ಬರತೊಡಗಿದರು. ಒಬ್ಬಳು ಕೀನ್ಯಾದವಳು, ಒಬ್ಬಳು ಗೋವಾದವಳು. ಎಲ್ಲರೂ ಅಗಾತಾ ಆದರು. ಒಂದೊಂದು ಸಿಡಿಗೆ ಅಗಾತಾಳ ದನಿ ಒಂದೊಂದು ಥರ. ಜನ ಅದನ್ನೂ ಮೆಚ್ಚಿದರು. ಮೂರು ವರ್ಷ ನಮಗೆ ಒಳ್ಳೆಯದಿತ್ತು.

2014ರಲ್ಲಿ ಲತೇಶ್ ಬಂದರು. ದೇರಾದಲ್ಲಿ ಒಂದು ಕಾರ್ಗೋ ಆಫೀಸಿನಲ್ಲಿ ಅವರ ಕೆಲಸ. ನಮ್ಮ ಕರಾವಳಿಯವರ ಸಂಘಕ್ಕೆ ಕಾರ್ಯದರ್ಶಿ. ಸಂಘದ ಸಮಾಚಾರವನ್ನು ಕನ್ನಡದಲ್ಲಿ ಬರೆದು, ಫೋಟೋ ಸಮೇತ ಸಂಘದ ವೆಬ್‌ಸೈಟಿಗೆ ಹಾಕುವವರೂ ಅವರೇ. ನಮ್ಮ ಕಡೆ ಕ್ರಿಸ್ತಿಯನ್ ಗಂಡಸರನ್ನು ಕರೆಯುವ ಹಾಗೆ ಲಿಗೋರಿಯನ್ನು 'ಪೊರ್ಬುಗಳು' ಎನ್ನುತ್ತಿದ್ದರು.

"ಪೊರ್ಬುಗಳೇ, ಈ ಸಲ ಸನ್ಮಾನ ನಿಮಗೆ. ಶಾಲು, ಪೇಟ, ಹಣ್ಣಿನ ಬುಟ್ಟಿ. ನಿಮ್ಮ ಹೊಸ ಸಿಡಿಯ ಬಿಡುಗಡೆಯೂ ಅಲ್ಲಿಯೇ, ಅಧ್ಯಕ್ಷರ ಕೈಯಲ್ಲಿ."

"ಆಗಬಹುದು. ಆದರೆ ಹಾಡಿದವಳು ಬರಲಿಕ್ಕಿಲ್ಲ," ಎಂದರು ಲಿಗೋರಿ.

"ಮತ್ತೆ ಎಂತದ್ದು ಬಿಡುಗಡೆ? ಮದುಮಗಳಿಲ್ಲದ ಮದುವೆಯಾ? ಫ್ಲೆಕ್ಸಿನಲ್ಲಿ ಯಾರ ಮುಖ ಹಾಕುವುದು, ನಿಮ್ಮ ಅಮ್ಮನದ್ದಾ?"

ಲಿಗೋರಿಗೆ ಶಾಲಿನ ಆಸೆ ಹತ್ತಿತು. ಊರಿನಲ್ಲಿ ಅವರ ಅಪ್ಪನೂ ಟೈಲರ್. ಎಷ್ಟೋ ಜನರ ಸನ್ಮಾನಕ್ಕೆ ಕೋಟು ಹೊಲಿದು ಕೊಟ್ಟು, ಹಿಂದಿನ ಬಾಗಿಲಲ್ಲಿ ನಿಂತು ನೋಡಿದವರು. ನಾನು ಬೇಡ ಎಂದೆ.

"ನಮ್ಮವರು ಮಾತ್ರ ಇರುವುದು ಎಲ್ಸಿ. ಲತೇಶ್ ಬರೆಯುವುದು ಕನ್ನಡದಲ್ಲಿ. ಹೋಟೆಲಿನ ಮ್ಯಾನೇಜರ್ ಕನ್ನಡ ಓದುತ್ತಾನಾ?"

"ಓದಿ ಹೇಳುವವರು ಇರಬಹುದು."

"ನಿನಗೆ ಎಲ್ಲದರಲ್ಲಿಯೂ ಹುಳುಕು."

ಮರಿಸೆಲ್ ಕೂಡ ಬೇಡ ಎಂದಳು. "ಕುಯಾ, ನನ್ನ ವೀಸಾ" ಎಂದಳು. ಲಿಗೋರಿ ಕೇಳಿದರು: "ಒಮ್ಮೆಯಾದರೂ ನಿನ್ನ ಹಾಡಿಗೆ ನಿನ್ನ ಹೆಸರು ಬೇಡವಾ? ಸಾಯುವವರೆಗೂ ನನ್ನ ಅಮ್ಮನ ಹೆಸರಿನಲ್ಲಿ ಹಾಡುವುದಾ?" ಅವಳು ನೂಲಿನ ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡಿದಳು. ಆಮೇಲೆ "ಯಾವ ಬಣ್ಣದ ಗೌನು?" ಎಂದಳು.

ಕಡುಹಸಿರು ಗೌನು ನಾನೇ ಹೊಲಿದೆ.

ಒಂದು ಶಾಲೆಯ ಹಾಲಿನಲ್ಲಿ ಕಾರ್ಯಕ್ರಮ. ಫ್ಲೆಕ್ಸಿನಲ್ಲಿ ಅಧ್ಯಕ್ಷ ಚಾಮರಾಜರ ಮುಖ ದೊಡ್ಡದು, ಮರಿಸೆಲ್‌ಳದ್ದು ಅದಕ್ಕಿಂತ ಸಣ್ಣದು, ಮೂಲೆಯಲ್ಲಿ ಲಿಗೋರಿ. ಮರಿಸೆಲ್‌ಗೂ ಶಾಲು ಹೊದಿಸಿದರು. ಲಿಗೋರಿಯ ಪೇಟ ಕಣ್ಣಿನವರೆಗೆ ಜಾರಿತು. ಎಲ್ಲರೂ ನಕ್ಕರು, ಅವರೂ ನಕ್ಕರು. ಆಮೇಲೆ ಮರಿಸೆಲ್ ಹಾಡಲು ನಿಂತಳು. ಹಾಡು ಅರ್ಧ ಆಗುವಾಗ ಯಾರೋ ದೊಡ್ಡ ಅತಿಥಿ ತಡವಾಗಿ ಬಂದರು. ಲತೇಶ್ ಓಡಿಹೋಗಿ ಅವಳ ಕೈಯಿಂದ ಮೈಕು ತೆಗೆದುಕೊಂಡು ಸ್ವಾಗತ ಹೇಳಿದರು, ಹೂಗುಚ್ಛ ಕೊಡಿಸಿದರು. ಉಳಿದ ಅರ್ಧ ಯಾರಿಗೂ ನೆನಪಾಗಲಿಲ್ಲ. ಅವಳು ಶಾಲು ಹೊದ್ದುಕೊಂಡು ಫೋಟೋಕ್ಕೆ ನಿಂತಳು.

ಮರಿಸೆಲ್ ಹಾಡುತ್ತಿದ್ದ ಹೋಟೆಲಿನ ಆಫೀಸಿನಲ್ಲಿ ಹಾಜರಿ ನೋಡುವವರು ಸೇಸಪ್ಪ, ಪುತ್ತೂರಿನವರು. ಬೆಳಿಗ್ಗೆ ಚಾ ಕುಡಿಯುವಾಗ ಫೋನಿನಲ್ಲಿ ಸಂಘದ ಸಮಾಚಾರ ನೋಡುವುದು ಅವರ ಅಭ್ಯಾಸ. ತಮ್ಮ ಹೋಟೆಲಿನ ಹುಡುಗಿಗೆ ತಮ್ಮ ಊರಿನವರು ಶಾಲು ಹೊದಿಸಿದ್ದನ್ನು ನೋಡಿ ಅವರಿಗೆ ಖುಷಿಯಾಯಿತು. ಫೋನು ಹಿಡಿದು ಮ್ಯಾನೇಜರನ ಕೋಣೆಗೆ ಹೋದರು. ಇದರಲ್ಲಿ ಏನು ಬರೆದಿದೆ ಎಂದು ಅವನು ಕೇಳಿದ. ಸೇಸಪ್ಪ ಒಂದೊಂದೇ ಸಾಲು ಇಂಗ್ಲಿಷಿಗೆ ಮಾಡಿ ಹೇಳಿದರು. ಮರಿಸೆಲ್ ಯಾವ ವರ್ಷದಿಂದ ಹಾಡುತ್ತಿದ್ದಾಳೆ, ಎಷ್ಟು ಸಿಡಿ, ಯಾರ ಕಂಪೆನಿಗೆ, ಎಲ್ಲವನ್ನೂ.

ಆಮೇಲೆ ಅವರೇ ನಮ್ಮ ಅಂಗಡಿಗೆ ಬಂದು ಬಾಗಿಲಲ್ಲಿ ನಿಂತರು.

"ಒಳ್ಳೇದಾಗಲಿ ಅಂತ ತೋರಿಸಿದ್ದು ಲಿಗೋರಿಯಣ್ಣ. ಪ್ರಮೋಷನ್ ಕೊಡ್ತಾರೆ ಅಂತ ಎಣಿಸಿದೆ."

ಲಿಗೋರಿ ಅವರಿಗೆ ಕುರ್ಚಿ ಕೊಟ್ಟರು. ನಾನಾಗಿದ್ದರೆ ಕೊಡುತ್ತಿರಲಿಲ್ಲ.

ಮರಿಸೆಲ್‌ಳ ವೀಸಾ ಕ್ಯಾನ್ಸಲ್ ಆಯಿತು, ಬ್ಯಾನ್ ಬಿತ್ತು, ವಿಮಾನ ಹತ್ತಿಸಿದರು. ನಮಗೆ ಒಮ್ಮೆ ನೋಡಲಿಕ್ಕೂ ಸಿಗಲಿಲ್ಲ. ಅದೇ ವಾರ ಅಂಗಡಿಗೆ ಇನ್‌ಸ್ಪೆಕ್ಟರುಗಳು ಬಂದರು. ಟೈಲರ್ ಲೈಸೆನ್ಸಿನ ಅಂಗಡಿಯಲ್ಲಿ ಮೈಕು ಯಾಕೆ ಎಂದು ಕೇಳಿದರು. ದಂಡ ಹಾಕಿದರು. ನಮ್ಮ ಅರಬಾಬ್, ಲೈಸೆನ್ಸ್ ಮಾಡಿಸಿಕೊಟ್ಟ ಅರಬಿ, ಒಳ್ಳೆಯ ಮನುಷ್ಯ, ಹದಿನೈದು ವರ್ಷದ ಪರಿಚಯ. ಆದರೂ ಲೈಸೆನ್ಸಿನಲ್ಲಿ ಅವನ ಹೆಸರು ಇತ್ತಲ್ಲ. ಅಂಗಡಿ ಮುಚ್ಚಿಸಿದ. ನಾನು ತುಳಿಯುವ ಒಂದು ಮೆಷಿನ್ ಬಿಟ್ಟು ಉಳಿದವನ್ನು ಪಕ್ಕದ ಬೀದಿಯ ಟೈಲರುಗಳು ತೆಗೆದುಕೊಂಡರು. ಮಾರಾಟವಾಗದ ಸಿಡಿಗಳ ಪೆಟ್ಟಿಗೆಗಳನ್ನು ಯಾರೂ ಕೇಳಲಿಲ್ಲ. ಅವು ನಮ್ಮ ಜೊತೆ, ರೂಮಿಗೊಂದು ಸಂಸಾರ ಇರುವ ಶೇರಿಂಗ್ ವಿಲ್ಲಾದ ಮೇಲಿನ ರೂಮಿಗೆ ಬಂದವು. ಮಂಚದ ಅಡಿಯಲ್ಲಿ ಅವು, ಮೇಲೆ ನಾವು.

ಲಿಗೋರಿ ಬರ್ ದುಬೈಯ ಒಂದು ಲಾಂಡ್ರಿಯಲ್ಲಿ ಪ್ಯಾಂಟಿನ ಕಾಲು ಮಡಚಿ ಹೊಲಿಯುವ ಕೆಲಸಕ್ಕೆ ಸೇರಿದರು. ನನಗೂ ಅಲ್ಲೇ ಗುಂಡಿ ಹಚ್ಚುವ ಕೆಲಸ ಸಿಕ್ಕಿತು. ಕೀನ್ಯಾದವಳು ಒಮ್ಮೆ ದಾರಿಯಲ್ಲಿ ಕಂಡಳು. ಲಿಗೋರಿ ಕೈ ಎತ್ತುವುದರೊಳಗೆ ರಸ್ತೆಯ ಆಚೆ ಬದಿಗೆ ದಾಟಿದಳು. ಅವಳದ್ದು ತಪ್ಪೆಂದು ಹೇಳಲಾರೆ. ಅವಳಿಗೂ ವೀಸಾ ಇದೆ.

ಮಾರನೆಯ ವರ್ಷ ಮರಿಸೆಲ್ ಫೋನು ಮಾಡಿದಳು. ಬಹರೈನಿನ ಒಂದು ಹೋಟೆಲು ಅವಳ ಹಾಡು ಕೇಳಿ ಒಪ್ಪಿತ್ತಂತೆ. ಆಮೇಲೆ ಅವರು ಅವಳ ಹೆಸರು ಹಾಕಿ ಇಂಟರ್‌ನೆಟ್ಟಿನಲ್ಲಿ ಹುಡುಕಿದರು. ಶಾಲು ಹೊದ್ದುಕೊಂಡ ಫೋಟೋ ಬಂತು, ಅದನ್ನು ಹಿಡಿದು ಅಬುಧಾಬಿಯಲ್ಲಿ ವಿಚಾರಿಸಿದಾಗ ಬ್ಯಾನಿನ ಕಥೆಯೂ ಬಂತು. ಬೇಡ ಎಂದರು. ದೋಹಾದವರೂ ಬೇಡ ಎಂದರು.

"ಕುಯಾ, ಬೇರೇನೂ ಕೇಳುವುದಿಲ್ಲ. ಆ ಫೋಟೋ ತೆಗೆಸಿ ಕೊಡಿ. ನಾನು ಹಾಡಬೇಕು."

ಆಮೇಲೆ ಲಿಗೋರಿಗೆ ಅದೊಂದೇ ಕೆಲಸ. ಲತೇಶರ ಆಫೀಸಿಗೆ ಹೋಗುವುದು, ಬರುವುದು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ.

"ಇಂಟರ್‌ನೆಟ್ಟಿಗೆ ಹಾಕಿದ್ದನ್ನು ತೆಗೆಯುವುದು ಅಂದರೆ ಕಷ್ಟ ಪೊರ್ಬುಗಳೇ."

"ನೀವೇ ಹಾಕಿದ್ದಲ್ಲವಾ? ನೀವೇ ತೆಗೆಯಬಹುದು."

"ಅದರಲ್ಲಿ ಅಧ್ಯಕ್ಷರ ಫೋಟೋ ಕೂಡ ಉಂಟಲ್ಲ. ಅವರು ಪಕ್ಕದಲ್ಲೇ ನಿಂತಿದ್ದಾರೆ. ತೆಗೆದರೆ ಯಾಕೆ ತೆಗೆದದ್ದು ಅಂತ ಕೇಳ್ತಾರೆ. ಬರುವ ವರ್ಷ ಸಂಘದ ಚುನಾವಣೆ ಬೇರೆ. ನೋಡುವಾ."

"ಅವಳ ಹೊಟ್ಟೆಪಾಡು."

"ಹೇಳಿದೆನಲ್ಲ, ನೋಡುವಾ. ಚಾ ಕುಡಿಯಿರಿ."

ಲಿಗೋರಿ ಚಾ ಕುಡಿದರು. ಮರಿಸೆಲ್‌ಗೆ "ಮುಂದಿನ ವಾರ" ಎಂದರು. ಪ್ರತಿ ಸಲವೂ ಹಾಗೇ ಎಂದರು. ಅವಳು ಕೇಳುವುದನ್ನು ನಿಲ್ಲಿಸಲಿಲ್ಲ. ಅವಳಿಗೆ ಬೇರೆ ಯಾರಿದ್ದರು?

ವಿಲ್ಲಾದಲ್ಲಿ ನಮ್ಮ ಪಕ್ಕದ ರೂಮಿನವಳು ಸಕೀನ, ಉಳ್ಳಾಲದ ಬ್ಯಾರಿ ಹೆಂಗಸು. ಅವಳ ಬಾಲ್ಕನಿಯಲ್ಲಿ ಪಾರಿವಾಳದ ಕಾಟ. ಹೊಳೆಯುವ ಸಿಡಿ ಕಟ್ಟಿ ನೇತುಹಾಕಿದರೆ ಅವು ಹೆದರುತ್ತವೆ ಎಂದು ಇಲ್ಲಿ ಎಲ್ಲರೂ ಹಾಗೆ ಮಾಡುತ್ತಾರೆ. ಅವಳು ಬಂದು "ಎಲ್ಸಿ, ಹಾಳಾದ ಸಿಡಿ ಉಂಟಾ ನಿನ್ನಲ್ಲಿ?" ಎಂದಳು.

ಮಂಚದ ಮೇಲಿದ್ದ ಲಿಗೋರಿ ಎದ್ದರು. "ಹಾಳಾದದ್ದು ಇಲ್ಲ. ಹೊಸತು ಉಂಟು" ಎಂದು ಬಗ್ಗಿ ಒಂದು ಪೆಟ್ಟಿಗೆಯನ್ನೇ ಎಳೆದು ಕೊಟ್ಟರು. ಅವಳು ಒಳ್ಳೆಯವಳು, ಬೇಡ ಬೇಡ ಎಂದಳು. ಇವರು ಬಿಡಲಿಲ್ಲ. ನೂಲು ಪೋಣಿಸಿ, ಗಂಟು ಹಾಕಿ, ತಾವೇ ಅವಳ ಬಾಲ್ಕನಿಗೂ ನಮ್ಮ ಕಿಟಕಿಗೂ ಕಟ್ಟಿದರು. ಟೈಲರನ ಗಂಟು, ಬಿಚ್ಚಿಕೊಳ್ಳಲಿಲ್ಲ. ಆಮೇಲೆ ಬೀದಿಯ ಬೇರೆ ಮನೆಯವರೂ ಕೇಳಿ ಪಡೆದರು. ಕೆಳಗಿನಿಂದ ನೋಡಿದರೆ ಕಿಟಕಿ ಕಿಟಕಿಯಲ್ಲಿ ಅಗಾತಾ ತಿರುಗುತ್ತಿತ್ತು. ಪಾರಿವಾಳಗಳು ಕೆಲವು ದಿನ ಹೆದರಿದವು. ಆಮೇಲೆ ಅದರ ಪಕ್ಕದಲ್ಲೇ ಕೂತವು.

ಆ ಆಗಸ್ಟಿನಲ್ಲಿ ಲಿಗೋರಿ ಬಸ್ಸು ಹತ್ತಿದ್ದು ಲತೇಶರಲ್ಲಿಗೆ ಹೋಗಲಿಕ್ಕೆ. ಇಳಿಯಬೇಕಾದಲ್ಲಿ ಇಳಿಯಲಿಲ್ಲ.

ಸಮಾಧಿ ಇಲ್ಲಿಯೇ ಆಯಿತು. ಅತ್ತೆಗೆ ಫೋನಿನಲ್ಲಿ ಹೇಳಿದೆವು.

ಮರುವರ್ಷ ಲತೇಶ್ ನನ್ನ ರೂಮಿಗೆ ಬಂದರು. ನಾನು ಲಾಂಡ್ರಿ ಮುಗಿಸಿ ಬಂದು ಮೆಷಿನಿನಲ್ಲಿ ಸಕೀನಳ ತಲೆದಿಂಬಿನ ಕವರು ಹೊಲಿಯುತ್ತಿದ್ದೆ.

"ಬಾಯಮ್ಮ, ಪೊರ್ಬುಗಳ ನೆನಪಿಗೆ ಒಂದು ಕಾರ್ಯಕ್ರಮ ಇಟ್ಟಿದ್ದೇವೆ. ನಿಮಗೊಂದು ಶಾಲು. ಅಗಾತಾದ ಒಂದು ಸಿಡಿ ಬೇಕಿತ್ತು, ಸ್ಟೇಜಿನಲ್ಲಿ ಹಾಕಲಿಕ್ಕೆ."

"ಶಾಲು ಬೇಡ. ಸಿಡಿ ಕೊಡುತ್ತೇನೆ. ಮೊದಲು ಮರಿಸೆಲ್‌ಳ ಫೋಟೋ ತೆಗೆಯಿರಿ."

"ಆಯಿತು, ತೆಗೆಸುವಾ."

"ಯಾವಾಗ?"

"ಈ ವಾರವೇ. ದೇವರಾಣೆ."

ಪೆಟ್ಟಿಗೆಗಳೆಲ್ಲ ಯಾವಾಗಲೋ ಖಾಲಿಯಾಗಿದ್ದವು. ನಾನು ಕತ್ತರಿ ತೆಗೆದುಕೊಂಡು ಕಿಟಕಿಯಿಂದ ಒಂದನ್ನು ಕತ್ತರಿಸಿದೆ. ಬಿಸಿಲಿಗೆ ಅದರ ಬೆಳ್ಳಿ ಎದ್ದು ಹೋಗಿತ್ತು, ಮೇಲೆಲ್ಲ ಹಿಕ್ಕೆ. ತೊಳೆಯದೆ ಕೊಟ್ಟೆ.

"ಇದು ಹಾಡುತ್ತದಾ ಬಾಯಮ್ಮ?"

"ಇಲ್ಲ."

ಅವರು ಕರವಸ್ತ್ರದಲ್ಲಿ ಅದನ್ನು ಹಿಡಿದುಕೊಂಡು, "ಪರವಾಗಿಲ್ಲ, ತೋರಿಸಲಿಕ್ಕೆ ಆಗುತ್ತದೆ. ಒಂದು ಫೋಟೋ ತೆಗೆಯುವಾ, ನೀವು ಹಿಡಿದುಕೊಳ್ಳಿ" ಎಂದರು. ನಾನು ಸಿಡಿಯನ್ನು ಮುಖಕ್ಕೆ ಅಡ್ಡ ಹಿಡಿದೆ.

"ಮುಖ ಕಾಣುವುದಿಲ್ಲ."

"ಹಾಗೇ ತೆಗೆಯಿರಿ."

ಮಾರನೆಯ ದಿನ ಸಕೀನ ತನ್ನ ಫೋನಿನಲ್ಲಿ ಸಂಘದ ವೆಬ್‌ಸೈಟು ತೋರಿಸಿದಳು. 'ಅಗಲಿದ ಸಂಗೀತ ಪ್ರೇಮಿಗೆ ನಮನ' ಎಂದಿತ್ತು. ನನ್ನ ಫೋಟೋ ಹಾಕಿರಲಿಲ್ಲ, ಮುಖ ಇಲ್ಲದ ಫೋಟೋ ಯಾರಿಗೆ ಬೇಕು? ಅದರ ಬದಲಿಗೆ ಹಳೆಯದನ್ನು ಹಾಕಿದ್ದರು. ಹಸಿರು ಗೌನು, ಶಾಲು, ಪಕ್ಕದಲ್ಲಿ ಚಾಮರಾಜರು. ಮೊದಲಿಗಿಂತ ದೊಡ್ಡದಾಗಿ. ಕೆಳಗೆ ಅವಳ ಪೂರ್ತಿ ಹೆಸರು.

ಸಂಜೆ ಫೋನು ಬಂತು. ಫಿಲಿಪೈನ್ಸ್‌ನ ನಂಬರು. ನಾನು ಮೆಷಿನ್ ತುಳಿಯುತ್ತಿದ್ದೆ. ನಿಲ್ಲಿಸಲಿಲ್ಲ. ಅದು ಸುಮಾರು ಹೊತ್ತು ಹೊಡೆದು ನಿಂತಿತು. ಆಮೇಲೆ ಮತ್ತೆ ಹೊಡೆಯಿತು.