ಪಾಳೇಗಾರನಿಗೆ ಕಪ್ಪ ಕಟ್ಟದವರು

ಕರಿಯಮ್ಮ ಮೇಡಂ ಅವರ ಕೈಗಳು ಅವರಿಗಿಂತ ಇಪ್ಪತ್ತು ವರ್ಷ ದೊಡ್ಡವು. ಮುಖ ನೋಡಿದರೆ ನಲವತ್ತು ದಾಟದ ಹೆಂಗಸು. ಕೈ ನೋಡಿದರೆ ಬೇಸಿಗೆಯ ಕೆರೆಯಂಗಳದಂತೆ ಬಿರಿದ ಚರ್ಮ, ಬೆರಳ ಸಂದಿಯಲ್ಲಿ ರಕ್ತದ ಗೆರೆ. ಹೊಸದುರ್ಗದ ಕಡೆಯ ಹಳ್ಳಿಯವರು, ಕುರಿ ಕಾಯುವ ಮನೆಯಲ್ಲಿ ಹುಟ್ಟಿ ಓದಿ ಬಂದವರು. ಹೊಳಲ್ಕೆರೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತ, ಚಿತ್ರದುರ್ಗದ ನಮ್ಮ ವಠಾರದಲ್ಲಿ ಪಕ್ಕದ ಮನೆಗೆ ಬಾಡಿಗೆಗೆ ಬಂದರು. ಮದುವೆ ಆಗಿರಲಿಲ್ಲ. ನಮ್ಮದು ಹಾಸಿಗೆ ಹೊಲಿಯುವ ಮನೆ. ಅಬ್ಬಾ ತೀರಿಕೊಂಡ ಮೇಲೆ ಅಮ್ಮಿ ಜಮೀಲಾ ಒಬ್ಬರೇ ಹತ್ತಿ ಹಿಂಜಿ, ಗಾದಿ ತುಂಬಿ ನನ್ನನ್ನು ಡಿಗ್ರಿ ಓದಿಸುತ್ತಿದ್ದರು.

ವಠಾರಕ್ಕೆಲ್ಲ ಒಂದೇ ನಲ್ಲಿ, ಅದೂ ನೀರು ಬಂದ ದಿನವೇ ಹಬ್ಬ. ಅಮ್ಮಿ ಕೊಡ ತುಂಬಿಸಿ ಈಚೆ ಬಂದರೆ ಮೇಡಂ ನಲ್ಲಿಯ ಮೂತಿ ತೊಳೆಯುವರು, ಮತ್ತೆ ತೊಳೆಯುವರು, ಆಮೇಲೆ ತೊಳೆದ ಕೈಯನ್ನು ತೊಳೆಯುವರು. ಸಾಲಿನಲ್ಲಿ ನಿಂತವರು ಹಲ್ಲು ಕಡಿಯುವರು. ಅಮ್ಮಿ ಜಗಳಗಂಟಿಯಲ್ಲ. "ನಾವು ಮುಟ್ಟಿದ ನಲ್ಲಿ ಅಂತ ತೊಳೀತಾಳೆ" ಎಂದು ಒಳಗೆ ಬಂದು ಅತ್ತರು. ಮನೆ ಮಾಲೀಕರ ಹೆಂಡತಿ ಮಾತ್ರ ಒಂದು ಬೆಳಿಗ್ಗೆ ಎಲ್ಲರೆದುರು ಮೆಚ್ಚಿಕೊಂಡರು. "ಏನ್ ಮಡಿ ಮೇಡಂ ನಿಮ್ದು! ನಮ್ಮೋರಲ್ಲೇ ಈಗ ಇಷ್ಟು ಉಳಿದಿಲ್ಲ."

ಮೇಡಂ ಕೊಡ ಕೆಳಗಿಟ್ಟರು. "ಮಡಿ ಅನ್ಬ್ಯಾಡ್ರಿ ಅಮ್ಮಾರೆ. ಕುರಿ ಹಿಕ್ಕೆ ಮ್ಯಾಲೆ ಮಲಗಿ ಬೆಳೆದೋಳು ನಾನು, ನನಗ್ಯಾವ ಮಡಿ? ಇದು ಕಾಯಿಲೆ. ತಲೆ ಕಾಯಿಲೆ. ಹಂಗೇ ಅನ್ರಿ."

ನಮ್ಮಲ್ಲಿ ಸಕ್ಕರೆ ಕಾಯಿಲೆ ಹೇಳಿಕೊಳ್ಳುತ್ತಾರೆ, ಮೂಲವ್ಯಾಧಿಯನ್ನೂ ಹೇಳಿಕೊಳ್ಳುತ್ತಾರೆ. ತಲೆಯ ಕಾಯಿಲೆಯನ್ನು ನಲ್ಲಿಯ ಮುಂದೆ ನಿಂತು ಹೇಳಿದವರನ್ನು ನಾನು ಕಂಡದ್ದು ಅದೇ ಮೊದಲು. ಮಡಿ ಎಂದು ಒಪ್ಪಿಕೊಂಡಿದ್ದರೆ ಪುಕ್ಕಟೆ ಮರ್ಯಾದೆ ಸಿಗುತ್ತಿತ್ತು. ಅದನ್ನು ಬೇಡ ಅಂದು ಹುಚ್ಚಿ ಅನ್ನಿಸಿಕೊಳ್ಳಲು ಗುಂಡಿಗೆ ಬೇಕು.

ಅವತ್ತೇ ಸಂಜೆ ನಮ್ಮ ಬಾಗಿಲಿಗೆ ಬಂದರು. ಹೊಸ್ತಿಲ ಆಚೆಯೇ ನಿಂತರು.

"ಜಮೀಲಕ್ಕ, ನಾನು ನಿಮ್ಮನ್ನ ತೊಳೀತಾ ಇಲ್ಲ. ನನ್ನ ಹೆತ್ತವ್ವ ಮುಟ್ಟಿದ್ರೂ ತೊಳೀತೀನಿ. ನನ್ ತಲೇಲಿ ಒಬ್ಬ ಪಾಳೇಗಾರ ಕುಂತವ್ನೆ. ಕೈಗೆ ಏನೋ ಅಂಟೈತೆ, ತೊಳಿ, ಇಲ್ಲಾಂದ್ರೆ ನಿನ್ನಿಂದ ಯಾರೋ ಸಾಯ್ತಾರೆ ಅಂತಾನೆ. ತೊಳೆದ್ರೆ ಒಂದು ಗಳಿಗೆ ಸುಮ್ಕಿರ್ತಾನೆ, ಮತ್ತೆ ಕೇಳ್ತಾನೆ. ಕಪ್ಪ ಕಟ್ಟಿ ಕಟ್ಟಿ ಸಾಕಾಗೈತೆ ಅಕ್ಕ."

"ನಮ್ಮ ದುರ್ಗದಲ್ಲಿ ಪಾಳೇಗಾರ ಅಂದ್ರೆ ಕೈ ಮುಗೀತಾರೆ, ನೀವು ಬೈತೀರಲ್ಲ" ಎಂದರು ಅಮ್ಮಿ, ಇನ್ನೂ ಮುಖ ಗಂಟಿಕ್ಕಿಕೊಂಡೇ.

"ಕೋಟೆ ಕಟ್ಟಿದೋರಿಗೆ ನಾನೂ ಮುಗೀತೀನಿ. ಇವನು ಬರೇ ಬಾಗಿಲು ಹಾಕೋನು."

ದಾವಣಗೆರೆಯ ಡಾಕ್ಟರೊಬ್ಬರು ಅವರಿಗೆ ಮಾತ್ರೆ ಕೊಟ್ಟಿದ್ದರು, ಜೊತೆಗೆ ಒಂದು ಕಷ್ಟದ ಮದ್ದನ್ನೂ ಹೇಳಿದ್ದರು: ಹೆದರಿಕೆ ಆಗುವುದನ್ನೇ ಮುಟ್ಟಬೇಕು, ಮುಟ್ಟಿ ತೊಳೆಯದೆ ಕೂರಬೇಕು. ಮೊದಲು ಸಣ್ಣದು, ಆಮೇಲೆ ದೊಡ್ಡದು. ಅದಕ್ಕೆ ಜೊತೆಗೆ ಯಾರಾದರೂ ಬೇಕಿತ್ತು. ಅಮ್ಮಿಯನ್ನು ಕೇಳಿದರು. ಅಮ್ಮಿ ಒಪ್ಪಿದ್ದು ಅರ್ಧ ಮರುಕದಿಂದ. ಇನ್ನರ್ಧ, ಈಕೆ ಹೇಳುವುದು ನಿಜವೋ, ಇಲ್ಲ ಮಡಿಗೇ ಹೊಸ ಹೆಸರಿಟ್ಟಿದ್ದಾಳೋ ನೋಡಿಯೇ ಬಿಡೋಣ ಅಂತ.

ಮೊದಲ ವಾರ ನಮ್ಮ ಬಾಗಿಲ ಚಿಲಕ ಮುಟ್ಟಿ ಕೂತರು. ಆಮೇಲೆ ಚಾಪೆ. ಆಮೇಲೆ ಹತ್ತಿ. ಹಳೇ ಗಾದಿ ಬಿಚ್ಚಿದರೆ ಎಷ್ಟು ಜನರ ಬೆವರು, ಧೂಳು ಅದರಲ್ಲಿರುತ್ತದೆ ಎಂದು ಹತ್ತಿಯ ಮನೆಯವರಿಗೆ ಹೇಳಬೇಕಿಲ್ಲ. ಅದನ್ನು ಮಡಿಲಲ್ಲಿ ಹಾಕಿಕೊಂಡು ಮೇಡಂ ಗಡಗಡ ನಡುಗುತ್ತಿದ್ದರು. ಒಂದು ದಿನ ಅಮ್ಮಿ ತಡೆಯಲಾರದೆ ಅವರ ಮುಂಗೈ ಹಿಡಿದುಕೊಂಡರು. "ನಲ್ಲಿಗೆ ಓಡದಂಗೆ ಹಿಡ್ಕಬ್ಯಾಡ್ರಿ ಅಕ್ಕ. ಹಿಡ್ಕಂಡ್ರೆ ಗೆದ್ದೋರು ನೀವಾಗ್ತೀರಿ" ಎಂದರು ಮೇಡಂ. ಅಮ್ಮಿ ಕೈ ಬಿಟ್ಟರು. ಅವತ್ತು ಮೇಡಂ ಓಡಿಯೇ ಹೋದರು. ಮಾರನೆಯ ದಿನ ಮತ್ತೆ ಬಂದು ಅದೇ ಚಾಪೆಯ ಮೇಲೆ ಕೂತರು.

ತೊಳೆಯದೆ ಕೂತ ಹೊತ್ತು ಕಳೆಯಲು ಮೇಡಂ ನನಗೆ ವ್ಯಾಕರಣದ ಪಾಠ ಹೇಳುತ್ತಿದ್ದರು. "'ಗೀಳು ನನ್ನನ್ನು ಹಿಡಿಯಿತು.' ಕರ್ತೃ ಯಾವುದೇ ಶಬಾನಾ?"

"ಗೀಳು."

"ಕರ್ಮ?"

"ನನ್ನನ್ನು."

"ನೋಡ್ದಾ ನನ್ನ ಕರ್ಮ! ಈ ವಾಕ್ಯ ತಿರುಗಿಸ್ಬೇಕು."

ಕಥೆಗಾರರ ಮೇಲೆ ಅವರಿಗೆ ಕೆಂಡದಂಥ ಕೋಪ. "ಒಂದು ಹುಡುಗಿ ಮನೆ ಮುಂದೆ ವರ್ಷಗಟ್ಲೆ ನಿಲ್ಲೋನನ್ನ ಪ್ರೇಮಿ ಅಂತ ಬರೀತಾರೆ. ಊಟ ನಿದ್ದೆ ಬಿಟ್ಟು ಕಲ್ಲು ಕೆತ್ತೋನನ್ನ ಋಷಿ ಅಂತಾರೆ. ಗಂಡಸಿಗೆ ಗೀಳು ಬಂದ್ರೆ ತಪಸ್ಸು, ಹೆಂಗಸಿಗೆ ಬಂದ್ರೆ ದೆವ್ವ. ನಲ್ಲಿ ಮುಂದೆ ಕುಂತು ಅಳೋಳ ಕಥೆ ಯಾವನು ಬರ್ದವ್ನೆ? ಗೀಳಿನಾಗೆ ಯಾವ ದೊಡ್ಡಸ್ತಿಕೆನೂ ಇಲ್ಲ ಕಣೆ. ಬರೇ ಬೇಜಾರು. ಅದನ್ನ ಬರೀರಿ ನೋಡಾಣ!" ಕಾಲೇಜಿನ ಸ್ಟಾಫ್ ರೂಮಿನಲ್ಲಿ ಮಾತ್ರೆಯನ್ನು ಎಲ್ಲರೆದುರೇ ನುಂಗುತ್ತಿದ್ದರಂತೆ. ಯಾತಕ್ಕೆ ಮೇಡಂ ಎಂದವರಿಗೆ, "ಹುಚ್ಚಿಗೆ. ನಿಮಗೂ ಒಂದು ಬೇಕಾ?"

ರೊಟ್ಟಿಯ ದಿನ ನನಗೆ ಚೆನ್ನಾಗಿ ನೆನಪಿದೆ. ಅಮ್ಮಿಯ ಕೈಗೆ ಹತ್ತಿಯ ಎಳೆ ಮೆತ್ತಿತ್ತು. ಅದೇ ಕೈಯಿಂದ ರೊಟ್ಟಿ ಮುರಿಯುವಂತೆ ಮೇಡಂ ಹೇಳಿದರು. ಅಮ್ಮಿ ಹಿಂಜರಿದರು. ಮೇಡಂ ಇದನ್ನು ಬಿಸಾಕಿದರೆ ತಾವು ಇನ್ನೆಂದೂ ಅವರ ಮುಖ ನೋಡಲಾರರು ಎಂಬುದು ಅಮ್ಮಿಯ ಕಣ್ಣಲ್ಲೇ ಕಾಣುತ್ತಿತ್ತು.

"ಹುಚ್ಚೆಳ್ಳು ಚಟ್ನಿ ಹಾಕ್ರಿ ಅಕ್ಕ. ಹುಚ್ಚಿಗೆ ಹುಚ್ಚೆಳ್ಳೇ ಸರಿ."

ತಮ್ಮ ಕೈಯನ್ನೂ ತೊಳೆಯದೆ ತುತ್ತು ಬಾಯಿಗಿಟ್ಟರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ದವಡೆ ಆಡುತ್ತಿತ್ತು. "ಕೂಗ್ತಾವ್ನೆ ಅಕ್ಕ. ಸಾಯ್ತಾರೆ ಸಾಯ್ತಾರೆ ಅಂತ ಕೂಗ್ತಾವ್ನೆ. ಕೂಗ್ಲಿ! ಇವತ್ತು ಕಪ್ಪ ಕಟ್ಟಾಕಿಲ್ಲ." ರೊಟ್ಟಿ ಮುಗಿಯಿತು. ಹೊರಗೆ ನಲ್ಲಿಯಲ್ಲಿ ನೀರು ಬಂದು, ವಠಾರವೆಲ್ಲ ಹಿಡಿದುಕೊಂಡು, ನೀರು ನಿಂತೂ ಹೋಯಿತು. ಮೇಡಂ ಎದ್ದಿರಲಿಲ್ಲ. ಆಗ ಅವರೇ ಕೈ ಚಾಚಿ ಅಮ್ಮಿಯ ಕೈ ಹಿಡಿದುಕೊಂಡರು. ಅಮ್ಮಿ ಗೊಳೋ ಎಂದು ಅತ್ತರು. ನಾನೂ ಅತ್ತೆ.

ಪಾಳೇಗಾರ ಸತ್ತನೆಂದು ಮೇಡಂ ಯಾವತ್ತೂ ಹೇಳಲಿಲ್ಲ. ಕೊರೋನಾ ಬಂದು ಫೋನೆತ್ತಿದರೆ ಕೈ ತೊಳೆಯಿರಿ ಎನ್ನುವ ಕಾಲದಲ್ಲಿ ಅವನು ಮತ್ತೆ ತಲೆಯೆತ್ತಿದ್ದ. "ಈಗ ಸರ್ಕಾರನೇ ಅವನ ಪಾರ್ಟಿ ಸೇರೈತೆ ಅಕ್ಕ" ಎಂದು ನಕ್ಕರು, ಆದರೆ ತುಟಿ ಒಣಗಿತ್ತು. ಸೋಪು ಹಚ್ಚಿ ಒಮ್ಮೆ ತೊಳೆದು, ನಲ್ಲಿಯನ್ನು ಕತ್ತು ಹಿಚುಕುವಂತೆ ತಿರುಗಿಸಿ ನಿಲ್ಲಿಸಿದರು. "ಇದು ಸರ್ಕಾರಕ್ಕೆ. ಅವನಿಗೆ ಇಲ್ಲ."

ಹೋದ ವರ್ಷ ರಜೆಗೆಂದು ಊರಿಗೆ ಹೋದವರಿಗೆ ಅಲ್ಲೇ ಎದೆನೋವು ಬಂತು, ಉಳಿಯಲಿಲ್ಲ. ಸುದ್ದಿ ಕೇಳಿ ಅಮ್ಮಿ, ನಾನು ಮಣ್ಣಿಗೆ ಹೋದೆವು. ಎಲ್ಲರಂತೆ ಅಮ್ಮಿಯೂ ಹಿಡಿ ಮಣ್ಣು ಹಾಕಿದರು. ತಿರುಗಿ ಬರುವಾಗ ಹಟ್ಟಿಯ ಬಾಗಿಲಲ್ಲಿ ಮೇಡಂ ಅವರ ಅಣ್ಣ ಕೊಡದ ನೀರು ಬಗ್ಗಿಸಿ ಎಲ್ಲರ ಕೈಗೂ ಹಾಕುತ್ತಿದ್ದರು.

"ಕೈ ತೊಳ್ಕಳ್ರಿ ಅಮ್ಮ, ಮಣ್ಣಾಗೈತೆ."

ಅಮ್ಮಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. "ನನಗೆ ಬ್ಯಾಡಣ್ಣ. ನಿಮ್ಮ ತಂಗಿ ತೊಳೀದೆ ಹಿಡ್ಕಂಡ ಕೈ ಇವು." ಅವರು ಕೊಡ ಕೆಳಗಿಟ್ಟು ದಾರಿ ಬಿಟ್ಟರು.

ಬಸ್ಸು ಹೊಳಲ್ಕೆರೆಯಲ್ಲಿ ನಿಂತಿತು. ಮೇಡಂ ದಿನಾ ಇಳಿಯುತ್ತಿದ್ದ ಸ್ಟ್ಯಾಂಡು. ಅಮ್ಮಿ ಕಿಟಕಿಯಿಂದ ಕಡಲೆಕಾಯಿ ಕೊಂಡು, ಉಗುರಲ್ಲಿ ಮಣ್ಣಿದ್ದ ಕೈಯಿಂದಲೇ ಸುಲಿದು ಬಾಯಿಗೆ ಹಾಕಿಕೊಂಡರು. ಇನ್ನೊಂದು ಸುಲಿದು ನನ್ನ ಮುಂದೆ ಹಿಡಿದರು.

"ತಿನ್ನೇ. ಪಾಳೇಗಾರ ನೋಡ್ಲಿ."