ಕಣ್ಣಿಗೊತ್ತಿಕೊಂಡ ಕೋವಿ

ಕೋವಿಯನ್ನು ಬೀಳಿಸಿದವಳು ನಾನು. ಬಿದ್ದದ್ದನ್ನು ಹೇಳಲಿಲ್ಲ. ನೇರವಾಗಿ ಕೇಳಿದಾಗಲೂ ಇಲ್ಲ ಎಂದೆ. ಆಮೇಲೆ, ಸರಿಪಡಿಸಲು ಇನ್ನೂ ದಿನಗಳಿದ್ದಾಗ, ಬಾಯಿ ಮುಚ್ಚಿಕೊಂಡು ಕೂತೆ. ನಾಲ್ಕು ವರ್ಷವಾಯಿತು. ಇವತ್ತಿಗೂ ಡಚ್ಚರ ನಾಡಿನ ಬೆಸ್ಟ್ ಎಂಬ ಈ ಊರಿನಲ್ಲಿ, ನಮ್ಮ ಮನೆಯಿಂದ ಎರಡು ರಸ್ತೆ ಆಚೆ, ಒಬ್ಬರು ತಮ್ಮ ಕಣ್ಣು ಕೆಟ್ಟಿತು, ಕೈ ಕೆಟ್ಟಿತು ಎಂದು ನಂಬಿಕೊಂಡು ಬದುಕುತ್ತಿದ್ದಾರೆ. ಹಾಗೆ ನಂಬುವಂತೆ ಮಾಡಿದ್ದು ನಾನು.

ಅವರ ಹೆಸರು ಕುಟ್ಟಪ್ಪ. ನಾನು ಮಾವ ಎನ್ನುತ್ತೇನೆ, ರಕ್ತಸಂಬಂಧವೇನಿಲ್ಲ. ನಲವತ್ತು ವರ್ಷದ ಹಿಂದೆ ವಿರಾಜಪೇಟೆ ಕಡೆಯಿಂದ ಎಂಜಿನಿಯರಾಗಿ ಬಂದು, ಅನ್ನೆಕೆ ಎಂಬ ಇಲ್ಲಿಯ ಹೆಂಗಸನ್ನು ಮದುವೆಯಾಗಿ, ಇಲ್ಲೇ ನಿಂತವರು. ನಾನು ಮತ್ತು ನನ್ನ ಗಂಡ ರಘು ಐಂಡ್‌ಹೋವನ್‌ನ ಕೆಲಸಕ್ಕೆಂದು ಬಂದು ಬೆಸ್ಟ್‌ನಲ್ಲಿ ಮನೆ ಹಿಡಿದ ವರ್ಷ ಕನ್ನಡದವರ ಯುಗಾದಿ ಕೂಟದಲ್ಲಿ ಸಿಕ್ಕರು. ನಾನೂ ಕೊಡವರವಳೇ, ಆದರೆ ಅಪ್ಪನ ನೌಕರಿಯಿಂದಾಗಿ ಬೆಳೆದದ್ದೆಲ್ಲ ಮೈಸೂರು. ನನ್ನ ಕೊಡವ ಮಾತು ಕೇಳಿ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. "ಬೇಡ ಮುತ್ತು, ನೀನು ಕನ್ನಡದಲ್ಲೇ ಮಾತಾಡು. ನಮ್ಮಜ್ಜ ಕೇಳಿಸ್ಕೊಂಡ್ರೆ ಮೇಲಿಂದ ಇಳಿದು ಬಂದುಬಿಡ್ತಾರೆ!" ಅವರಿಗೆ ಮಕ್ಕಳಿರಲಿಲ್ಲ. ವರ್ಷ ತುಂಬುವುದರೊಳಗೆ ಅವರ ಮನೆಯ ಕೀಲಿ ನನ್ನ ಕೈಚೀಲದಲ್ಲಿತ್ತು.

ಮಾವ ಬೇಟೆಯವರು. ಊರಾಚೆ ದನ ಸಾಕುವ ರೈತನೊಬ್ಬನ ಹೊಲ, ಅದರಂಚಿನ ಕಾಡು — ಅಲ್ಲಿ ಚಳಿಗಾಲದಲ್ಲಿ ಸಣ್ಣ ಜಾತಿಯ ಜಿಂಕೆ ಹೊಡೆಯಲು ಅವರಿಗೆ ಒಪ್ಪಿಗೆಯಿತ್ತು. ಸೆಪ್ಟೆಂಬರಿನಲ್ಲಿ ಕೈಲ್ ಪೊಳ್ದ್ ಬಂತೆಂದರೆ, ಅಂದರೆ ನಮ್ಮಲ್ಲಿ ಕೋವಿಗಳಿಗೆ ಪೂಜೆ ಮಾಡುವ ಹಬ್ಬ ಬಂತೆಂದರೆ, ಉಕ್ಕಿನ ಪೆಟ್ಟಿಗೆಯಿಂದ ತಮ್ಮ ಹಳೆಯ ರೈಫಲ್ ತೆಗೆದು ಊಟದ ಮೇಜಿನ ಮೇಲೆ ಮಲಗಿಸುತ್ತಿದ್ದರು. ಅದರ ಬಾಯಿಗೆ ಸಿಕ್ಕಿಸುವ ತೋಕ್ ಪೂ, ಗೌರಿ ಹೂ ಎನ್ನುತ್ತಾರಲ್ಲ, ಆ ಕೆಂಪು ಹಳದಿ ಹೂವು — ಅದು ಇಲ್ಲಿ ಹೂವಿನಂಗಡಿಯಲ್ಲೇ ಸಿಗುತ್ತದೆ! ಗಾಜಿನಮನೆಯಲ್ಲಿ ಬೆಳೆಯುತ್ತಾರೆ. ಅದನ್ನು ಹಿಡಿದುಕೊಂಡು ಮಾವ ಬಸ್ಸಿನಲ್ಲಿ ಬರುತ್ತಿದ್ದ ಠೀವಿ ನೋಡಬೇಕಿತ್ತು.

ಇನ್ನು ನನ್ನ ಜಂಬದ ವಿಷಯ. ಇಲ್ಲಿ ಬೇಟೆಗೆ ಕೋವಿ ಹಿಡಿಯಬೇಕಾದರೆ ತಿಂಗಳುಗಟ್ಟಲೆ ತರಗತಿಗೆ ಹೋಗಬೇಕು, ಪರೀಕ್ಷೆ ಕಟ್ಟಬೇಕು, ಪೊಲೀಸರಿಂದ ಲೈಸೆನ್ಸು ಪಡೆಯಬೇಕು. ಮಾವನ ಬೆನ್ನು ಹತ್ತಿ ನಾನೂ ಸೇರಿದೆ. ತರಗತಿಯಲ್ಲಿ ಆರಡಿಯ ಗಂಡಸರ ನಡುವೆ ಐದಡಿಯ ನಾನು. ಸುಮ್ಮನೆ ಕೂರಬಾರದಿತ್ತೇ? "ನಾನು ಕೂರ್ಗಿನವಳು, ನಮ್ಮ ಮನೇಲಿ ಮಗು ತೊಟ್ಟಿಲಲ್ಲಿರೋವಾಗ್ಲೇ ಕೋವಿ ನೋಡಿರುತ್ತೆ" ಎಂದು ಕೊಚ್ಚಿಕೊಂಡೆ. ನಿಜ ಹೇಳಬೇಕೆಂದರೆ ರಜಕ್ಕೆ ಹೋದಾಗ ಹಬ್ಬದ ಪಂದ್ಯದಲ್ಲಿ ನಾಲ್ಕೈದು ಸಲ ತೆಂಗಿನಕಾಯಿಗೆ ಗುಂಡು ಹೊಡೆದಿದ್ದೆ, ಅಷ್ಟೆ. ಆ ಕೋವಿಗಳಿಗೆ ದುರ್ಬೀನೂ ಇರಲಿಲ್ಲ. ಇಲ್ಲಿಯ ರೈಫಲ್ಲಿನ ಜೀವವೇ ಅದರ ಮೇಲಿನ ದುರ್ಬೀನು. ಒಂದು ಸಣ್ಣ ಪೆಟ್ಟು ಬಿದ್ದರೆ ಸಾಕು, ಗುರಿ ಸರಿದುಹೋಗುತ್ತದೆ. ಬಿದ್ದ ಕೋವಿಯನ್ನು ಗುರಿಯ ಹಲಗೆಗೆ ಗುಂಡು ಹೊಡೆದು ಪರೀಕ್ಷಿಸದೆ ಜೀವದ ಮೇಲೆ ಎತ್ತಬಾರದು ಎಂದು ಮೊದಲ ವಾರವೇ ಹೇಳಿಕೊಟ್ಟಿದ್ದರು. ನಾನದನ್ನು ಕೆಂಪು ಪೆನ್ನಿನಲ್ಲಿ ಬರೆದುಕೊಂಡಿದ್ದೆ. ಆ ಪುಸ್ತಕ ಈಗಲೂ ನನ್ನ ಹತ್ತಿರವಿದೆ.

ಫೆಬ್ರವರಿಯ ಬೆಳಗ್ಗೆ. ನನಗೆ ಲೈಸೆನ್ಸು ಬಂದು ಎರಡು ವಾರ. ಸ್ವಂತ ಕೋವಿ ಇನ್ನೂ ಕೊಂಡಿರಲಿಲ್ಲ. ರೈತನ ಅಂಗಳದಲ್ಲಿ ಕಾರು ನಿಲ್ಲಿಸಿ, ಖಾಲಿ ರೈಫಲ್ಲನ್ನು ನನ್ನ ಕೈಗೆ ಕೊಟ್ಟು ಮಾವ ಕೊಟ್ಟಿಗೆಯೊಳಕ್ಕೆ ಹೋದರು, ಒಂದು ಮಾತು ಹೇಳಿ ಬರಲು. ಹೊಲದ ಮೇಲೆಲ್ಲ ಬಿಳಿ ಇಬ್ಬನಿ ಹೆಪ್ಪುಗಟ್ಟಿತ್ತು. ನಾನು ಏನು ಮಾಡಿದೆ — ಬರೆಯಲೂ ನಾಚಿಕೆಯಾಗುತ್ತದೆ — ಕೋವಿಯನ್ನು ಕಾರಿಗೆ ಒರಗಿಸಿ, ಗವಸು ಬಿಚ್ಚಿ, ಫೋನು ತೆಗೆದೆ. ಮೈಸೂರಿನ ತಂಗಿಯರಿಗೆ ಕಳಿಸಲು ಒಂದು ಫೋಟೋ. ನಾನು, ಹಿಂದೆ ಹೊಲ, ಪಕ್ಕದಲ್ಲಿ ಕೋವಿ. ಕ್ಲಿಕ್ ಎನ್ನುವುದರೊಳಗೆ ಅದು ಜಾರಿ ಕಾಂಕ್ರೀಟಿನ ಮೇಲೆ ಬಿತ್ತು. ದುರ್ಬೀನು ಇದ್ದ ಬದಿಗೇ ಬಿತ್ತು.

ಅಯ್ಯೋ ದೇವರೇ! ಎತ್ತಿಕೊಂಡೆ. ಆಮೇಲೆ ನಾನು ಮಾಡಿದ್ದನ್ನು ನಮ್ಮವರಲ್ಲದೆ ಬೇರೆ ಯಾರೂ ಮಾಡುತ್ತಿರಲಿಲ್ಲ. ಪುಸ್ತಕಕ್ಕೆ ಕಾಲು ತಾಗಿದರೆ ಮಾಡುತ್ತೇವಲ್ಲ, ಹಾಗೆ ಕೋವಿಯನ್ನು ಎರಡು ಕಣ್ಣಿಗೂ ಒತ್ತಿಕೊಂಡೆ. ತಪ್ಪಾಯ್ತು, ತಪ್ಪಾಯ್ತು ಎಂದೆ. ಶಾಲಿನಿಂದ ಮಣ್ಣೊರೆಸಿದೆ. ಅಷ್ಟು ಮಾಡಿದ್ದೇ ಎದೆಯ ಭಾರ ಇಳಿಯಿತು. ಕ್ಷಮೆ ಕೇಳಿಯಾಯಿತು, ಮುಗಿಯಿತು ಎಂಬ ಹಗುರ. ಕೋವಿಯ ಹತ್ತಿರ ಕೇಳಿದ ಕ್ಷಮೆಯನ್ನು ಕೋವಿಯವರ ಹತ್ತಿರ ಕೇಳಬೇಕಿತ್ತು ಎಂಬುದು ಅವತ್ತು ನನಗೆ ಹೊಳೆಯಲೇ ಇಲ್ಲ ಎಂದು ಬರೆಯೋಣವೆಂದರೆ — ಅದೂ ಸುಳ್ಳು. ಹೊಳೆದಿತ್ತು. ಮಾವ ಕೊಟ್ಟಿಗೆಯಿಂದ ಹೊರಬಂದು "ಹೊರಡೋಣ್ವಾ ಮುತ್ತು?" ಎಂದಾಗ ಬಾಯಿಯವರೆಗೆ ಬಂದಿತ್ತು. ಕೂರ್ಗಿನ ಹುಡುಗಿ ಕೋವಿ ಬೀಳಿಸಿದಳು, ಅದೂ ಫೋಟೋ ತೆಗೆಯಲು ಹೋಗಿ — ನುಂಗಿಕೊಂಡೆ. ಅವತ್ತು ಜಿಂಕೆ ಕಾಣಿಸಲಿಲ್ಲ. ಬದುಕಿದೆ ಎಂದುಕೊಂಡೆ.

ಮೂರು ದಿನ ಬಿಟ್ಟು ಮಾವ ಒಬ್ಬರೇ ಹೋದರು. ಮಧ್ಯಾಹ್ನ ಫೋನು ಬಂತು, ಬಾ ಎಂದರು. ನಾನು ಹೋದಾಗ ಕಾಡಿನಂಚಿನ ಕಾಲುವೆಯ ದಡದಲ್ಲಿ ಕೂತಿದ್ದರು. ಕೆಳಗೆ ಸತ್ತ ಹೆಣ್ಣು ಜಿಂಕೆ. ಬೆಳಗ್ಗೆ ನೂರು ಹೆಜ್ಜೆ ದೂರದಲ್ಲಿ ಅಡ್ಡಕ್ಕೆ ನಿಂತಿತ್ತಂತೆ, ಅಲುಗಾಡುತ್ತಲೂ ಇರಲಿಲ್ಲವಂತೆ. ಎದೆಗೆ ಬೀಳಬೇಕಾದ ಗುಂಡು ಹೊಟ್ಟೆಗೆ ಬಿದ್ದಿತ್ತು. ರಕ್ತದ ಜಾಡು ಹಿಡಿಯುವ ನಾಯಿಯನ್ನು ಕರೆಸಿ, ಹುಡುಕಿ, ಸಿಕ್ಕಾಗ ಇನ್ನೂ ಉಸಿರಾಡುತ್ತಿತ್ತು.

"ಐದು ಗಂಟೆ ಮುತ್ತು," ಎಂದರು. "ಐದು ಗಂಟೆ ಹೊಟ್ಟೆ ಎಳ್ಕೊಂಡು ಓಡಾಡಿದೆ. ಮೂವತ್ತು ವರ್ಷದಲ್ಲಿ ಹಿಂಗಾಗಿರ್ಲಿಲ್ಲ."

ಕೋವಿಯನ್ನು ಒಮ್ಮೆ ಪರೀಕ್ಷೆ ಮಾಡಿಸೋಣ ಎಂದು ಅವರೊಡನೆ ಇದ್ದ ನಾಯಿಯವನು ಹೇಳಿದ. ಮಾವ ತಲೆಯಾಡಿಸಿಬಿಟ್ಟರು. "ಕೋವಿ ಮೇಲೆ ಹಾಕಿ ನಾನು ತಪ್ಪಿಸ್ಕೊಳ್ಲಾ? ಅದು ಯಾವತ್ತೂ ಕೈಕೊಟ್ಟಿಲ್ಲ." ಇದನ್ನು ಅವರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು, ನನಗೆ ಅರ್ಥವಾಗುತ್ತದೆಂದು. ಆಗ ನಾನು ಹೇಳಿದ್ದೇನು ಗೊತ್ತೇ? "ಕಣ್ಣು ಒಂದ್ಸಲ ತೋರಿಸಿಬಿಡಿ ಮಾವ. ವಯಸ್ಸಾಯ್ತಲ್ಲ." ಎಷ್ಟು ಮೆತ್ತಗೆ ಹೇಳಿದೆ! ಎಷ್ಟು ಕಾಳಜಿಯಿಂದ! ಡಾಕ್ಟರು ನೋಡಿ, ಪೊರೆ ಶುರುವಾಗಿದೆ, ಈ ವಯಸ್ಸಿನಲ್ಲಿ ಎಲ್ಲರಿಗೂ ಇರುವಷ್ಟೇ, ಏನೂ ಮಾಡಬೇಕಿಲ್ಲ ಎಂದರು. ಮಾವನ ಕಿವಿಗೆ ಬಿದ್ದದ್ದು ಪೊರೆ ಎಂಬ ಮಾತು ಮಾತ್ರ.

ಮುಂದಿನ ವಾರ ಅವರೇ ಹೊರಡಿಸಿದರು: "ನಡಿ, ನಿನಗೊಂದು ಕೋವಿ ನೋಡೋಣ. ಇದನ್ನ ಅಂಗಡೀಲೇ ಬಿಟ್ಟು ಬರೋಣ." ಹಳೆಯ ರೈಫಲ್ಲನ್ನು ಚೀಲದಲ್ಲಿ ಹಾಕಿ ಕಾರಿನಲ್ಲಿಟ್ಟರು. ಅಂಗಡಿಯಲ್ಲಿ ಗೋಡೆಯುದ್ದಕ್ಕೂ ಸಾಲಾಗಿ ನಿಂತ, ಒಂದೊಂದು ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ತುಂಬುವ ರೈಫಲ್ಲುಗಳು. ಆ ಒಂದು ಗಂಟೆ ಮಾವ ಮತ್ತೆ ಮೊದಲಿನ ಮಾವನೇ ಆಗಿದ್ದರು. ಕಪ್ಪು ಪ್ಲಾಸ್ಟಿಕ್ಕಿನದೊಂದನ್ನು ನಾನು ಮುಟ್ಟಿದ್ದಕ್ಕೆ, "ಥೂ, ಹಬ್ಬದ ದಿನ ಇದಕ್ಕೆ ಹೂ ಮುಡಿಸ್ತೀಯಾ? ನೀರು ಹಾಯಿಸೋ ಪೈಪಿದ್ದಂಗಿದೆ" ಎಂದು ಕಿತ್ತಿಟ್ಟರು. ಮರದ್ದೇ ಬೇಕು. ಹೊಲ ಸುತ್ತುವಾಗ ಹೆಗಲಿಗೆ ಭಾರವಾಗಬಾರದು, ಆದರೆ ತೀರ ಹಗುರಾದರೆ ಹೊಡೆದಾಗ ಭುಜಕ್ಕೆ ಒದೆಯುತ್ತದೆ. ಭುಜಕ್ಕೆ ಆನಿಸಿದ್ದನ್ನು ಇಳಿಸದೆಯೇ ಬೋಲ್ಟ್ ಎಳೆದು ತಳ್ಳಲು ಬರಬೇಕು. ಇಲ್ಲಿಯ ಉದ್ದ ಕೈಯ ಗಂಡಸರಿಗೆಂದು ಮಾಡಿದ್ದೆಲ್ಲ ನನಗೆ ದೊಡ್ಡದಾಗುತ್ತಿತ್ತು. ನಾಲ್ಕು ನೋಡಿ ಬಿಟ್ಟೆವು. ಐದನೆಯದನ್ನು ಕೊಟ್ಟು ಮಾವ ಹೇಳಿದರು: "ಕಣ್ಣು ಮುಚ್ಚು. ಮುಚ್ಕೊಂಡೇ ಭುಜಕ್ಕೆ ಎತ್ತು. ಆಮೇಲೆ ಕಣ್ಣು ಬಿಡು. ದುರ್ಬೀನಿನ ಗೆರೆ ನೇರ ಕಣ್ಣಿಗೆ ಸಿಕ್ಕಿದ್ರೆ ಅದು ನಿಂದು."

ಕಣ್ಣು ಮುಚ್ಚಿ ಎತ್ತಿದೆ. ಆಗಲೇ ಕೌಂಟರಿನ ಹಿಂದೆ ಹಳೆಯ ರೈಫಲ್ಲನ್ನು ತಿರುವಿ ನೋಡುತ್ತಿದ್ದ ಅಂಗಡಿಯವನು ಡಚ್ಚಿನಲ್ಲಿ ಕೇಳಿದ — ದುರ್ಬೀನನ್ನು ಕೋವಿಗೆ ಬಿಗಿದ ಹಿಡಿಕೆಯ ಹತ್ತಿರ ಒಂದು ಗೀರಿದೆಯಲ್ಲ, ಇದೇನಾದರೂ ಬಿದ್ದಿತ್ತೇ?

"ಬಿದ್ದಿತ್ತಾ ಮುತ್ತು?" ಎಂದರು ಮಾವ.

ಅನುಮಾನದ ದನಿಯಲ್ಲ ಅದು. ಆಸೆಯ ದನಿ. ಹೌದು ಎಂದರೆ ಸಾಕಿತ್ತು, ಬೈಯುತ್ತಲೂ ಇರಲಿಲ್ಲ, ಕುಣಿದಾಡುತ್ತಿದ್ದರು. ನನಗೆ ಅದು ಕೇಳಿಸಿತು, ಸ್ಪಷ್ಟವಾಗಿಯೇ ಕೇಳಿಸಿತು. ಆದರೆ ಹೌದು ಎಂದರೆ ಕಾಲುವೆಯ ಆ ಜಿಂಕೆ ನನ್ನದಾಗುತ್ತಿತ್ತು. ಎಲ್ಲ ಗೊತ್ತಿದ್ದೂ ಅವರನ್ನು ಕಣ್ಣು ತೋರಿಸಲು ಕಳಿಸಿದವಳು ನಾನಾಗುತ್ತಿದ್ದೆ.

"ಇಲ್ಲ ಮಾವ," ಎಂದೆ, ಕಣ್ಣು ಮುಚ್ಚಿಕೊಂಡೇ.

ಮಾವ ಅಂಗಡಿಯವನಿಗೆ ಡಚ್ಚಿನಲ್ಲಿ ಹೇಳಿದ್ದು ಕೇಳಿಸಿತು: ಬಿದ್ದಿಲ್ಲ, ಈ ಹುಡುಗಿ ನಮ್ಮ ಊರಿನವಳು, ಬಿದ್ದಿದ್ದರೆ ಹೇಳುತ್ತಿದ್ದಳು. ನಾನು ಕಣ್ಣು ತೆರೆದೆ. ದುರ್ಬೀನಿನ ಗೆರೆ ಒಂದು ಕೂದಲೂ ಆಚೀಚೆಯಾಗದೆ ನೇರ ಕಣ್ಣಿಗೆ ಸಿಕ್ಕಿತು. ಅದನ್ನೇ ಕೊಂಡೆವು.

ಪೊಲೀಸರ ಕಾಗದ ಮುಗಿದು ಕೋವಿ ತರಲು ಮತ್ತೆ ಹೋದದ್ದು ಮಾರ್ಚಿನಲ್ಲಿ, ನಾನೊಬ್ಬಳೇ. ಅಂಗಡಿಯವನು ಖುಷಿಯಲ್ಲಿದ್ದ. ಹಳೆಯ ರೈಫಲ್ಲಿನಿಂದ ಹಲಗೆಗೆ ಗುಂಡು ಹೊಡೆದು ನೋಡಿದನಂತೆ. ಹಿಡಿಕೆ ಬಾಗಿ, ನೂರು ಮೀಟರಿಗೆ ಒಂದು ಗೇಣು ಎಡಕ್ಕೆ ಹೋಗುತ್ತಿತ್ತಂತೆ. "ಆ ಹಿರಿಯರಿಗೆ ಹೇಳಿ, ಅವರ ಕಣ್ಣಿಗೆ ಏನೂ ಆಗಿಲ್ಲ, ನೆಮ್ಮದಿಯಾಗುತ್ತೆ" ಎಂದ. ಹೇಳುತ್ತೇನೆ ಎಂದೆ.

ಮಾವ ಲೈಸೆನ್ಸು ನವೀಕರಿಸಲು ಇನ್ನೂ ಒಂಬತ್ತು ದಿನವಿತ್ತು. ಒಂಬತ್ತು ದಿನ! ಅವರ ಮನೆಯ ಮುಂದೆ ದಿನಾ ಸೈಕಲ್ಲಿನಲ್ಲಿ ಹಾದುಹೋದೆ. ಹೆದರಿಕೆ ಎಂದು ಹೇಳಿಕೊಂಡರೆ ಅರ್ಧ ನಿಜ. ಇನ್ನರ್ಧವನ್ನು ರಘುವಿಗೂ ಹೇಳಿಲ್ಲ. ಇಲ್ಲಿ ಲೈಸೆನ್ಸಿಗಿಂತ ಕಷ್ಟವಾದದ್ದು ಬೇಟೆಯ ಜಾಗ ಸಿಗುವುದು, ಹೊಸಬರು ವರ್ಷಗಟ್ಟಲೆ ಕಾಯುತ್ತಾರೆ. ಮಾವ ಆ ವಾರ ರೈತನ ಹತ್ತಿರ ಮಾತಾಡಿದ್ದರು: ನಾನು ಬಿಡುತ್ತೇನೆ, ನನ್ನ ಜಾಗ ಮುತ್ತುವಿಗೆ ಕೊಡಿ. ಆ ಹೊಲ ನನಗೆ ಬೇಕಿತ್ತು. ಬಾಯಿ ಬಿಟ್ಟರೆ ಅದು ಅವರಲ್ಲೇ ಉಳಿಯುತ್ತಿತ್ತು. ಏಪ್ರಿಲ್ ಬಂತು, ಅವರ ಲೈಸೆನ್ಸು ಹೋಯಿತು, ಜಾಗ ನನ್ನದಾಯಿತು.

ಬೇಟೆ ಒಂದು ಹೋಗಿದ್ದರೆ ಸಹಿಸಿಕೊಳ್ಳುತ್ತಿದ್ದರೇನೋ. ಆ ಬೇಸಿಗೆಯಲ್ಲಿ ಕಾರಿನ ಕೀಲಿಯನ್ನು ಅನ್ನೆಕೆಗೆ ಕೊಟ್ಟುಬಿಟ್ಟರು. ಬಲ್ಬು ಬದಲಿಸಲು ಏಣಿ ಹತ್ತುವುದಿಲ್ಲ. ಕಾಫಿಯ ಲೋಟವನ್ನು ಎರಡು ಕೈಯಲ್ಲಿ ಹಿಡಿಯುತ್ತಾರೆ, ಕೈ ನಡುಗುವುದೇ ಇಲ್ಲ, ಆದರೂ. ಅವನಿಗೆ ಅವನ ಮೇಲೇ ನಂಬಿಕೆ ಇಲ್ಲ, ಯಾಕೆಂದು ತಿಳಿಯುತ್ತಿಲ್ಲ ಎಂದು ಅನ್ನೆಕೆ ನನ್ನ ಹತ್ತಿರ ಅತ್ತಳು. ನನ್ನ ಹತ್ತಿರ! ನಾನು ಬೆನ್ನು ಸವರಿದೆ. ಚಳಿಗಾಲದಲ್ಲಿ ಜಿಂಕೆ ಹೊಡೆದಾಗ ಒಂದು ಪಾಲು ಅವರ ಮನೆಗೆ ಒಯ್ಯುತ್ತೇನೆ. ನಮ್ಮ ಕೊಡವರ ಕಪ್ಪು ಹುಳಿ, ಕಾಚಂಪುಳಿ ಹಾಕಿ ಮಾಡುತ್ತಾರೆ. "ಒಳ್ಳೇ ಏಟು ಮುತ್ತು, ಅದಕ್ಕೆ ಗೊತ್ತೂ ಆಗಿರಲ್ಲ" ಎನ್ನುತ್ತಾರೆ. ಇನ್ನಷ್ಟು ಬಡಿಸುತ್ತಾರೆ, ನಾನು ತಿನ್ನುತ್ತೇನೆ.

ಹೋದ ವಾರ ಕೈಲ್ ಪೊಳ್ದ್. ಬೆಳಗ್ಗೆ ಬಾಗಿಲು ತೆರೆದರೆ ಮಾವ, ಕೈಯಲ್ಲಿ ತೋಕ್ ಪೂ. ಅವರ ಮನೆಯಲ್ಲಿ ಈಗ ಕೋವಿಯಿಲ್ಲವಲ್ಲ, ನನ್ನದಕ್ಕೆಂದು ತಂದಿದ್ದರು. ಪೆಟ್ಟಿಗೆಯಿಂದ ರೈಫಲ್ ತೆಗೆದು, ನೀವೇ ಇಡಿ ಎಂದು ಅವರ ಕಡೆ ಚಾಚಿದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು.

"ಬೇಡ, ನೀನೇ ಇಡು. ನನ್ನ ಕೈ ನಂಬೋ ಹಾಗಿಲ್ಲ, ಎಲ್ಲಾದ್ರೂ ಬೀಳಿಸಿಬಿಟ್ರೆ!"

ನಾನೇ ಇಟ್ಟೆ. ಅವರು ಬಗ್ಗಿ, ಕೋವಿಯನ್ನು ಮುಟ್ಟದೆ, ಹೂವನ್ನಷ್ಟೇ ಅದರ ಬಾಯಿಗೆ ಸಿಕ್ಕಿಸಿ ಕೈ ಮುಗಿದರು.

ಅವತ್ತಿನಿಂದ ಇದನ್ನು ಬರೆಯುತ್ತಿದ್ದೇನೆ. ಕ್ಷಮಿಸಿ ಎಂದು ಇದರಲ್ಲಿ ಎಲ್ಲೂ ಕೇಳಿಲ್ಲ. ಕೇಳುವ ಮುಖ ನನಗಿಲ್ಲ. ಎಪ್ಪತ್ತಾರರ ವಯಸ್ಸಿನಲ್ಲಿ ಅವರಿಗೆ ಮತ್ತೆ ಲೈಸೆನ್ಸು ಸಿಗುವುದೂ ಅನುಮಾನ. ಆದರೂ ನಾಳೆ ಹತ್ತು ಗಂಟೆಗೆ, ಅವರ ಕಾಫಿಯ ಹೊತ್ತಿಗೆ ಹೋಗುತ್ತೇನೆ. ಇದನ್ನು ಅವರೆದುರು ಕನ್ನಡದಲ್ಲಿ ಓದುತ್ತೇನೆ. ಅನ್ನೆಕೆಗೆ ಡಚ್ಚಿನಲ್ಲಿ ನಾನೇ ಹೇಳುತ್ತೇನೆ, ಅವರ ಬಾಯಿಂದ ಹೇಳಿಸುವುದಿಲ್ಲ. ಬಾಗಿಲು ತೋರಿಸಿದರೆ ಎದ್ದು ಬರುತ್ತೇನೆ. ಓದಲು ದನಿ ಏಳದಿದ್ದರೆ, ಅಂಗಡಿಯಲ್ಲಿ ಅವರು ಕೇಳಿದ್ದಕ್ಕೆ ಉತ್ತರವನ್ನಾದರೂ ಹೇಳುತ್ತೇನೆ, ಈ ಸಲ ಕಣ್ಣು ತೆರೆದುಕೊಂಡು:

ಹೌದು ಮಾವ, ಬಿದ್ದಿತ್ತು. ನಾನೇ ಬೀಳಿಸಿದ್ದು.